ಯಾರೂ ನೋಡದ ಸಿನಿಮಾಕ್ಕೆ ಶೇ. 49

2010ರ ಫೆಬ್ರವರಿ 12ರಂದು ಅಮೆರಿಕದಲ್ಲಿ ಒಂದು ಸಿನಿಮಾ ಬಿಡುಗಡೆಯಾಯಿತು. ಹೆಸರು 'ಪರ್ಸಿ ಜಾಕ್ಸನ್ ಅಂಡ್ ದಿ ಒಲಿಂಪಿಯನ್ಸ್: ದಿ ಲೈಟ್ನಿಂಗ್ ಥೀಫ್'. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಟಿಕೆಟ್ ಕೌಂಟರ್‌ನವನು ಮುಂದಿನವರನ್ನು ಕರೆದಿರುತ್ತಾನೆ. ಮಕ್ಕಳ ಪುಸ್ತಕವೊಂದನ್ನು ಆಧರಿಸಿ ಮಾಡಿದ ಈ ಸಿನಿಮಾವನ್ನು ಯಾರೂ ನೋಡಲಿಲ್ಲ. ಥಿಯೇಟರ್ ಖಾಲಿ ಹೊಡೀತಿತ್ತು ಅಂತಲ್ಲ. ಸುಮಾರು ಒಂಬತ್ತೂವರೆ ಕೋಟಿ ಡಾಲರ್ ಸುರಿದು ಮಾಡಿದ ಸಿನಿಮಾ ಜಗತ್ತಿನಾದ್ಯಂತ 22 ಕೋಟಿಗೂ ಜಾಸ್ತಿ ಗಳಿಸಿತು. ಜನ ಬಂದರು, ಕೂತರು, ಪಾಪ್‌ಕಾರ್ನ್ ತಿಂದರು. ಆದರೆ ವಿಮರ್ಶಕರು ಕೂತು ನೋಡಿದ್ದು ಹ್ಯಾರಿ ಪಾಟರ್. ಅಭಿಮಾನಿಗಳು ನೋಡಿದ್ದು ತಮ್ಮ ತಲೆಯೊಳಗಿದ್ದ ಪುಸ್ತಕ. ಪುಸ್ತಕ ಬರೆದವರಂತೂ ನೋಡಲೇ ಇಲ್ಲ, ಆ ಕಥೆಗೆ ಆಮೇಲೆ ಬರ್ತೀನಿ.

ಗೊತ್ತಿಲ್ಲದವರಿಗೆ ಕಥೆ ಇಷ್ಟು. ಪರ್ಸಿ ಅನ್ನುವ ಹುಡುಗನಿಗೆ ಓದಲು ಕೂತರೆ ಅಕ್ಷರಗಳು ಕುಣಿಯುತ್ತವೆ, ಒಂದು ಕಡೆ ಸುಮ್ನೆ ಕೂರೋಕೂ ಆಗಲ್ಲ. ಇವನ ಅಪ್ಪ ಬೇರೆ ಯಾರೂ ಅಲ್ಲ, ಗ್ರೀಕರ ಸಮುದ್ರದೇವ ಪೊಸೈಡನ್. ದೇವರಾಜ ಝ್ಯೂಸ್‌ನ ಸಿಡಿಲನ್ನು ಯಾರೋ ಕದ್ದಿದ್ದಾರೆ, ಅನುಮಾನ ಇವನ ಮೇಲೆ. ಆಡಿನ ಕಾಲಿನ ಗೆಳೆಯ ಗ್ರೋವರ್, ಅಥೀನಾ ದೇವಿಯ ಮಗಳು ಆನಬೆತ್, ಇವರಿಬ್ಬರನ್ನು ಕಟ್ಟಿಕೊಂಡು ಅಮೆರಿಕದ ಉದ್ದಕ್ಕೂ ಅಲೆದು ಪಾತಾಳಕ್ಕೆ ಹೋಗಬೇಕು. ಹುಟ್ಟಿಸಿದ ದೇವರು ಮಗನ ಕಡೆ ತಿರುಗಿ ನೋಡದಿರುವುದು ಕರ್ಣನ ಕಥೆ ಕೇಳಿ ಬೆಳೆದ ನಮಗೇನೂ ಹೊಸದಲ್ಲ. ಆದರೂ ಸೂರ್ಯ ಕವಚ ಕುಂಡಲವನ್ನಾದರೂ ಕೊಟ್ಟಿದ್ದ. ಈ ಹುಡುಗನಿಗೆ ಸಿಕ್ಕಿದ್ದು ಒಂದು ಪೆನ್ನು, ಅದೂ ಮೇಷ್ಟ್ರ ಕೈಯಿಂದ. ಪುಣ್ಯಕ್ಕೆ ಅದು ಕತ್ತಿಯಾಗುತ್ತದೆ.

ಈಗ ವಿಮರ್ಶಕರ ವಿಷಯ. ನಿರ್ದೇಶಕ ಕ್ರಿಸ್ ಕೊಲಂಬಸ್. 2001 ಮತ್ತು 2002ರಲ್ಲಿ ಬಂದ ಮೊದಲ ಎರಡು ಹ್ಯಾರಿ ಪಾಟರ್ ಸಿನಿಮಾ ಮಾಡಿದ ಅದೇ ಮನುಷ್ಯ. ಇಷ್ಟು ಸಾಕಾಯಿತು. ವಿಮರ್ಶೆಯ ಮೊದಲ ಪ್ಯಾರಾ ಎಲ್ಲರಿಗೂ ಪುಕ್ಕಟೆ ಸಿಕ್ಕಿಬಿಟ್ಟಿತು: ಇದು ಬಡವರ ಹ್ಯಾರಿ ಪಾಟರ್. ವಿಶೇಷ ಹುಟ್ಟಿನ ಹುಡುಗ, ಹೌದು. ಒಬ್ಬ ಗೆಳೆಯ, ಒಬ್ಬಳು ಜಾಣೆ, ಹೌದು. ಗುಟ್ಟಿನ ಶಾಲೆಯ ಬದಲು ಗುಟ್ಟಿನ ಕ್ಯಾಂಪು, ಅದೂ ಹೌದು. ಇಲ್ಲಿವರೆಗೆ ನ್ಯಾಯವೇ. ಸ್ಟುಡಿಯೋದವರು ಆ ನಿರ್ದೇಶಕರನ್ನೇ ಕರೆತಂದಿದ್ದು ಆ ನೆನಪು ಬರಲಿ ಅಂತಲೇ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಆದರೆ ಅರ್ಧ ಕುದುರೆ ಅರ್ಧ ಮನುಷ್ಯನಾದ ಕೈರಾನ್ ಬಂದಾಗಲೂ ಪಾಟರ್ ನೆನಪಾಗುತ್ತದೆ ಅಂದರೆ ಏನು ಹೇಳೋಣ? ಪಾಟರ್ ಕಥೆಯ ಕಾಡಿನಲ್ಲಿ ಓಡಾಡುವ ಆ ಕುದುರೆಮನುಷ್ಯರು ಬಂದದ್ದು ಎಲ್ಲಿಂದ? ಅಲ್ಲಿ ನೆಲಮಾಳಿಗೆಯ ಬಾಗಿಲು ಕಾಯುವ ಮೂರು ತಲೆಯ ನಾಯಿ, ಸಂಗೀತ ಕೇಳಿದರೆ ನಿದ್ದೆ ಹೋಗುವಂಥದ್ದು, ಅದು ಗ್ರೀಕರ ಯಮ ಹೇಡೀಸ್‌ನ ಪಾತಾಳದ ಬಾಗಿಲು ಕಾಯುತ್ತಿದ್ದ ನಾಯಿ. ಸಂಗೀತದಿಂದ ಅದನ್ನು ಮಣಿಸಿದವನು ಗ್ರೀಕ್ ಪುರಾಣದ ಗಾಯಕ ಆರ್ಫಿಯಸ್. ಸಾವಿರಾರು ವರ್ಷದಿಂದ ಮನೆ ಈ ಗ್ರೀಕರದ್ದು. ಬಾಡಿಗೆಗೆ ಬಂದವರು ಫೇಮಸ್ ಆದರು, ಈಗ ಓನರ್ ಬಾಗಿಲು ತಟ್ಟಿದರೆ ಬೀದಿಯವರೆಲ್ಲ ಸೇರಿ "ಯಾರಪ್ಪಾ ನೀನು, ಪಾಟರ್ ಮನೆಗೆ ಯಾಕೆ ನುಗ್ಗುತ್ತಿದ್ದೀಯ?" ಅಂತ ಕೇಳುತ್ತಾರೆ.

ಇಂಥ ಅಭಿಪ್ರಾಯಗಳನ್ನೆಲ್ಲ ಗುಡ್ಡೆ ಹಾಕಿ ರಾಟನ್ ಟೊಮೆಟೋಸ್ ಅನ್ನುವ ವೆಬ್‌ಸೈಟು ಒಂದು ಅಂಕಿ ಕೊಡುತ್ತದೆ. ಈ ಸಿನಿಮಾಕ್ಕೆ ಬಂದದ್ದು ಶೇ. 49. ಅಲ್ಲಿ 60 ಮುಟ್ಟಿದರೆ ತಾಜಾ ಟೊಮೆಟೊ, ಇಲ್ಲದಿದ್ದರೆ ಕೊಳೆತದ್ದು. ಬಹಳ ಜನ ಇದನ್ನು ನೂರಕ್ಕೆ 49 ಅಂಕ ಅಂದುಕೊಂಡಿದ್ದಾರೆ. ಹಾಗಲ್ಲ. ವಿಮರ್ಶಕರು ಬರೆದ ಸಾವಿರ ಪದಗಳನ್ನು ಹಿಂಡಿ 'ಹೂಂ' ಅಥವಾ 'ಊಹೂಂ' ಅಂತ ಒಂದೇ ಉಸಿರು ತೆಗೆದು ಎಣಿಸುತ್ತಾರೆ. ರೋಜರ್ ಈಬರ್ಟ್ ಥರದ ದೊಡ್ಡ ವಿಮರ್ಶಕರು ಈ ಸಿನಿಮಾಕ್ಕೆ ನಾಲ್ಕಕ್ಕೆ ಮೂರು ಸ್ಟಾರ್ ಕೊಟ್ಟಿದ್ದರು. ಈ ಲೆಕ್ಕದಲ್ಲಿ ಅದೂ ಒಂದು 'ಹೂಂ'. ಇನ್ಯಾರೋ 'ಮಕ್ಕಳಿಗೆ ಪರವಾಗಿಲ್ಲ' ಅಂದರೆ ಅದೂ ಒಂದು 'ಹೂಂ'. ಎಲ್ಲರೂ ಆಕಳಿಸುತ್ತಾ ಪರವಾಗಿಲ್ಲ ಅಂದರೆ ಸಿನಿಮಾಕ್ಕೆ ಶೇ. 100 ಬರುತ್ತದೆ! ಅರ್ಧ ಜನ ಎದ್ದು ಕುಣಿದು ಇನ್ನರ್ಧ ಜನ ಚಪ್ಪಲಿ ತೂರಿದರೆ, ಅಂದರೆ ಸಿನಿಮಾ ಯಾರನ್ನೂ ಸುಮ್ಮನೆ ಬಿಡದೇ ಏನೋ ಒಂದು ಮಾಡಿದ್ದರೆ, ಅದು ಕೊಳೆತದ್ದು.

ಇದು ಇಂಟರ್ನೆಟ್ ಕಾಲದ ಹುಚ್ಚು ಅಂತ ಬೈಯೋಣ ಅಂದರೆ ಗ್ರೀಕರೇ ಅಡ್ಡ ಬರುತ್ತಾರೆ. ಅಥೆನ್ಸ್‌ನಲ್ಲಿ ನಾಟಕ ಸ್ಪರ್ಧೆ ನಡೆಯುತ್ತಿತ್ತಲ್ಲ, ಅದಕ್ಕೆ ಹತ್ತು ಬುಡಕಟ್ಟುಗಳಿಂದ ಹತ್ತು ಜನ ತೀರ್ಪುಗಾರರು, ಅವರನ್ನೂ ಚೀಟಿ ಎತ್ತಿಯೇ ಆರಿಸುತ್ತಿದ್ದದ್ದು. ಅವರು ಬರೆದು ಕೊಟ್ಟ ಹತ್ತು ತೀರ್ಪುಗಳನ್ನೂ ಒಂದು ಪಾತ್ರೆಗೆ ಹಾಕಿ, ಐದನ್ನು ಮಾತ್ರ ಹೊರಗೆ ತೆಗೆದು ಲೆಕ್ಕ ಹಾಕುತ್ತಿದ್ದರಂತೆ. ಉಳಿದವರ ಅಭಿಪ್ರಾಯ ಪಾತ್ರೆಯ ತಳದಲ್ಲೇ. ಕ್ರಿ.ಪೂ. 431ರಲ್ಲಿ ಯೂರಿಪಿಡೀಸ್ ತನ್ನ 'ಮೀಡಿಯಾ' ನಾಟಕ ತಂದ. ಇವತ್ತಿಗೂ ಜಗತ್ತಿನ ಮೂಲೆ ಮೂಲೆಯಲ್ಲಿ ಆಡುವ ನಾಟಕ. ಆ ವರ್ಷ ಸ್ಪರ್ಧೆಯಲ್ಲಿದ್ದವರು ಮೂವರು. ಅವನಿಗೆ ಮೂರನೇ ಸ್ಥಾನ.

ಕ್ರಿ.ಪೂ. 405ರಲ್ಲಿ ಅರಿಸ್ಟೊಫನೀಸ್ ಇದನ್ನೇ ಇಟ್ಟುಕೊಂಡು 'ಕಪ್ಪೆಗಳು' ಅಂತ ಒಂದು ನಗೆನಾಟಕ ಬರೆದ. ನಾಟಕದ ದೇವರು ಡಯೊನೈಸಸ್ ಪಾತಾಳಕ್ಕೆ ಇಳಿದು, ಸತ್ತ ಕವಿಗಳಲ್ಲಿ ಯಾರು ದೊಡ್ಡವನು ಅಂತ ತೀರ್ಮಾನಿಸಬೇಕು. ಹೇಗೆ ತೀರ್ಮಾನಿಸುತ್ತಾನೆ? ತಕ್ಕಡಿ ತರಿಸುತ್ತಾನೆ. ಈಸ್ಕಿಲಸ್‌ನ ಒಂದು ಸಾಲು ಒಂದು ತಟ್ಟೆಗೆ, ಯೂರಿಪಿಡೀಸ್‌ನ ಒಂದು ಸಾಲು ಇನ್ನೊಂದು ತಟ್ಟೆಗೆ. ಈಸ್ಕಿಲಸ್ ತನ್ನ ಸಾಲಿಗೆ ನದಿ ಹಾಕುತ್ತಾನೆ, ಸಾವು ಹಾಕುತ್ತಾನೆ, ರಥ ಹೆಣ ಎಲ್ಲ ಹಾಕುತ್ತಾನೆ. ತೂಕ ಅವನದ್ದೇ ಜಾಸ್ತಿ. ಅಂಕಿಯಲ್ಲಿ ಕಲೆ ಅಳೆಯುವವರನ್ನು ಇದಕ್ಕಿಂತ ಚೆನ್ನಾಗಿ ಇನ್ನೂ ಯಾರೂ ಗೇಲಿ ಮಾಡಿಲ್ಲ, ನಾನೂ ಪ್ರಯತ್ನ ಮಾಡಲ್ಲ. ಆ ನಾಟಕಕ್ಕೆ ಮೊದಲ ಬಹುಮಾನ ಬಂತು, ಪಾತ್ರೆಯಿಂದ ಚೀಟಿ ಎತ್ತಿಯೇ.

ಪರ್ಸಿಯ ಪುಸ್ತಕದಲ್ಲಿ ದೇವರ ಮಕ್ಕಳ ಕ್ಯಾಂಪು ನೋಡಿಕೊಳ್ಳುವ ಸಿಡುಕ ಮ್ಯಾನೇಜರು ಇದೇ ಡಯೊನೈಸಸ್. 2010ರ ಸಿನಿಮಾದಲ್ಲಿ ಅವನ ಕೆಲಸವನ್ನೇ ಕಿತ್ತುಹಾಕಿದರು. ನಾಟಕದ ದೇವರನ್ನೇ ನೌಕರಿಯಿಂದ ತೆಗೆದು ಸಿನಿಮಾ ಮಾಡಿದರೆ ವಿಮರ್ಶೆ ಹೇಗೆ ಒಳ್ಳೇದು ಬರುತ್ತೆ ಹೇಳಿ.

ಇನ್ನು ಅಭಿಮಾನಿಗಳು. ಇವರ ಸಿಟ್ಟಿನಲ್ಲಿ ಸತ್ಯ ಇತ್ತು, ಅದನ್ನು ಒಪ್ಪಬೇಕು. ಪುಸ್ತಕದಲ್ಲಿ ಪರ್ಸಿಗೆ 12 ವರ್ಷ, ಸಿನಿಮಾದಲ್ಲಿ ಕಾಲೇಜು ಮೆಟ್ಟಿಲು ಹತ್ತುವ ಹುಡುಗ. ಯುದ್ಧದೇವ ಏರೀಸ್‌ನ ಇಡೀ ಪ್ರಸಂಗ ಮಾಯ. ಎಲ್ಲದರ ಹಿಂದೆ ಇರುವ ಖಳ ಕ್ರೋನಸ್ ಕೂಡ ಮಾಯ. ಆದರೆ ಇಷ್ಟೆಲ್ಲಾ ಇದ್ದೂ ಗಲಾಟೆ ಜೋರಾಗಿ ಎದ್ದದ್ದು ಆನಬೆತ್‌ಳ ಕೂದಲಿನ ಬಣ್ಣಕ್ಕೆ. ಪುಸ್ತಕದಲ್ಲಿ ಹೊಂಬಣ್ಣ, ತೆರೆಯ ಮೇಲೆ ಕಡು ಕಂದು. ಗ್ರೀಕರ ಯಾವ ಪುರಾಣದಲ್ಲೂ ಇಲ್ಲದ, 2005ರಲ್ಲಿ ಹುಟ್ಟಿದ ಪಾತ್ರದ ಕೂದಲಿಗೆ ಈ ಪಾಟಿ ಶಾಸ್ತ್ರಾಧಾರ! ಅಥೀನಾ ಪುರಾಣದಲ್ಲಿ ಕೊನೆವರೆಗೂ ಕನ್ಯೆ, ಅವಳಿಗೆ ಮಗಳೇ ಇರುವಂತಿಲ್ಲ. ಪುಸ್ತಕ ಇದಕ್ಕೊಂದು ಉಪಾಯ ಹುಡುಕಿದೆ: ಝ್ಯೂಸ್‌ನ ತಲೆಯಿಂದ ಅಥೀನಾ ಹುಟ್ಟಿದ ಹಾಗೆ ಅವಳ ಮಕ್ಕಳೂ ಅವಳ ಆಲೋಚನೆಯಿಂದ ಹುಟ್ಟುತ್ತಾರೆ. ಭೇಷ್, ಒಪ್ಪಿದೆ. ಮಗಳಿರುವುದನ್ನೇ ಒಪ್ಪಿದ ಮೇಲೆ ಆ ಮಗಳ ಕೂದಲಿಗೆ ಯಾಕಪ್ಪಾ ಇಷ್ಟು ಮಡಿ?

ಪುರಾಣಕ್ಕೇ ಅಪಚಾರ ಆಯಿತು ಅಂತ ಕೂಗಿದವರೂ ಇದ್ದರು. ಯಾವ ಪುರಾಣಕ್ಕೆ? ಗ್ರೀಕ್ ಕವಿ ಹೆಸಿಯಡ್ ಹೇಳುವ ಮೆಡೂಸಾ ಹುಟ್ಟಿನಿಂದಲೇ ಗೋರ್ಗನ್, ಅಂದರೆ ರಾಕ್ಷಸಿ. ಏಳೆಂಟು ನೂರು ವರ್ಷ ಬಿಟ್ಟು ಬಂದ ರೋಮಿನ ಕವಿ ಓವಿಡ್ ಹೇಳುವ ಮೆಡೂಸಾ ಚೆಂದದ ಹೆಣ್ಣು, ದೇವಿಯ ಸಿಟ್ಟಿನಿಂದ ಕೂದಲು ಹಾವಾದವಳು. ಈ ಮೆಡೂಸಾಳ ತಲೆ ಕಡಿದ ಪುರಾಣದ ಪರ್ಸಿಯಸ್ ಝ್ಯೂಸ್‌ನ ಮಗ, ನಮ್ಮ ಪರ್ಸಿ ಪೊಸೈಡನ್‌ನ ಮಗ. ಕಥೆ ಹೇಳಿದವರೆಲ್ಲ ತಮಗೆ ಬೇಕಾದಂತೆ ತಿರುಚಿದ್ದಾರೆ, ಗ್ರೀಕರೇ ಮೊದಲಾಗಿ. ಇದರ ನಡುವೆ ಸಿನಿಮಾ ಮಾಡಿದ ನಿಜವಾದ ಎಡವಟ್ಟು ತಣ್ಣಗೆ ಕೂತಿದೆ. ಸಿಡಿಲು ವಾಪಸ್ ಕೊಡಲು ಗಡುವು ಬೇಸಿಗೆಯ ಅತಿ ಉದ್ದದ ಹಗಲು. ಆ ಹೊತ್ತಿನಲ್ಲಿ ಹೇಡೀಸ್‌ನ ಹೆಂಡತಿ ಪರ್ಸೆಫೊನಿ ಪಾತಾಳದಲ್ಲಿ ಬೇಜಾರು ಮಾಡಿಕೊಂಡು ಕೂತಿರುತ್ತಾಳೆ. ಅವಳು ಬೇಸಿಗೆಯಲ್ಲಿ ತವರುಮನೆಯಲ್ಲಿ ಇರಬೇಕಾದವಳು! ಅವಳು ತಾಯಿಯ ಹತ್ತಿರ ಮೇಲೆ ಬರುವುದರಿಂದಲೇ ಭೂಮಿ ಹಸಿರಾಗುತ್ತದೆ ಅನ್ನುವುದೇ ಆ ಪುರಾಣ. ಪುಸ್ತಕದಲ್ಲಿ ಅವಳ ಸಿಂಹಾಸನ ಸರಿಯಾಗಿ ಖಾಲಿ ಇದೆ. ಕೂದಲು ಎಣಿಸಿದವರಲ್ಲಿ ಇದನ್ನು ಎಣಿಸಿದವರು ಕಡಿಮೆ.

ಈಗ ಲೇಖಕರ ಸರದಿ. ರಿಕ್ ರಯರ್ಡನ್ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಮೇಷ್ಟ್ರಾಗಿದ್ದವರು. ಓದಲು ಕಷ್ಟಪಡುತ್ತಿದ್ದ ಮಗನಿಗೆ ರಾತ್ರಿ ಹೇಳಿದ ಕಥೆಯೇ ಪರ್ಸಿಯಾಯಿತು. ಅವರು 2009ರಲ್ಲೇ ನಿರ್ಮಾಪಕರಿಗೆ ಪತ್ರ ಬರೆದಿದ್ದರು: ಪಾತ್ರಗಳ ವಯಸ್ಸು ಏರಿಸಬೇಡಿ, ಈ ಸ್ಕ್ರಿಪ್ಟು ಚೆನ್ನಾಗಿಲ್ಲ, ಓದುಗ ಮಕ್ಕಳು ಸಿಟ್ಟಾಗುತ್ತಾರೆ. ಪೇಪರ್ ತಿದ್ದುವ ಮೇಷ್ಟ್ರ ಕೈ, ಬಿಡುತ್ತಾ? ಯಾರೂ ಕೇಳಲಿಲ್ಲ. 2018ರಲ್ಲಿ ಆ ಪತ್ರಗಳನ್ನು ತಾವೇ ಪ್ರಕಟಿಸಿದರು. 2020ರಲ್ಲಿ, ತಮ್ಮ ಜೀವಮಾನದ ಕೆಲಸವನ್ನು ಕೈಮಾ ಯಂತ್ರಕ್ಕೆ ಹಾಕಿದ ಹಾಗಾಯಿತು ಅನ್ನುವ ಅರ್ಥದಲ್ಲಿ ಟ್ವೀಟ್ ಮಾಡಿದರು. ಸಿನಿಮಾ ನೋಡಿಲ್ಲ, ಸ್ಕ್ರಿಪ್ಟು ಓದಿದ್ದೇ ಸಾಕು ಅನ್ನುವುದೂ ಅವರದ್ದೇ ಮಾತು. ಆ ಸಿನಿಮಾದ ಬಗ್ಗೆ ಬಂದ ಅತಿ ಖಾರದ ವಿಮರ್ಶೆ, ಬರೆದವರು ಥಿಯೇಟರ್ ಮೆಟ್ಟಿಲೇ ಹತ್ತಿಲ್ಲ. ನನಗೆ ಅವರ ಮೇಲೆ ಬೇಜಾರಿಲ್ಲ. ಈ ಇಡೀ ಪ್ರಕರಣದಲ್ಲಿ ತಾನು ನೋಡಿಲ್ಲ ಅಂತ ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ.

ಸಿನಿಮಾದವರೂ ಪಾಠ ಕಲಿತರು, ಆದರೆ ಹೇಗೆ ಅಂತ ಕೇಳಿ. 2013ರಲ್ಲಿ 'ಸೀ ಆಫ್ ಮಾನ್‌ಸ್ಟರ್ಸ್' ಬಂತು. ನಿರ್ದೇಶಕರು ಬದಲಾದರು. ದೂರು ಬಂದಿದ್ದೆಲ್ಲವನ್ನೂ ರಿಪೇರಿ ಮಾಡಿದರು. ಕೂದಲು ಅಂದಿರಲ್ಲ, ತಗೊಳ್ಳಿ, ಆನಬೆತ್‌ಳ ಕೂದಲಿಗೆ ಹೊಂಬಣ್ಣ ಬಳಿದರು. ಡಯೊನೈಸಸ್ ಎಲ್ಲಿ ಅಂದಿರಲ್ಲ, ತಗೊಳ್ಳಿ, ಆ ಪಾತ್ರಕ್ಕೆ ನಟ ಸ್ಟ್ಯಾನ್ಲಿ ಟುಚಿಯನ್ನೇ ಕರೆಸಿದರು. ಕ್ರೋನಸ್ ಎಲ್ಲಿ ಅಂದಿರಲ್ಲ, ತಗೊಳ್ಳಿ, ಕ್ರೋನಸ್ ಬಂದ, ಬಂದವನು ಅಲ್ಲೇ ಪರ್ಸಿಯ ಕತ್ತಿಗೆ ಸಿಕ್ಕಿ ಹೋದ. ಐದು ಪುಸ್ತಕ ಪೂರ್ತಿ ಕಾಡಬೇಕಾದ ಖಳ ಎರಡನೆಯದರಲ್ಲೇ ಖತಂ. ಮೂರನೇ ಸಿನಿಮಾ ಬರಲೇ ಇಲ್ಲ. ಇಷ್ಟು ಸೇವೆ ಮಾಡಿದ್ದಕ್ಕೆ ಟೊಮೆಟೊ ಅಂಗಡಿಯಲ್ಲಿ ಸಿಕ್ಕಿದ್ದು ಶೇ. 42.

ಈ ಮಧ್ಯೆ ಮೊದಲ ಸಿನಿಮಾ ಬಂದ ಎರಡೇ ತಿಂಗಳಿಗೆ, 2010ರ ಏಪ್ರಿಲ್‌ನಲ್ಲಿ ಅಸಲಿ ಪರ್ಸಿಯಸ್‌ನ ಕಥೆ 'ಕ್ಲ್ಯಾಶ್ ಆಫ್ ದಿ ಟೈಟನ್ಸ್' ಆಗಿ ಬಂದಿತ್ತು. ಅವಸರದಲ್ಲಿ ಬಲವಂತವಾಗಿ ತ್ರೀಡಿ ಮಾಡಿದ್ದರು, ಅದರ ಹಣೆಬರಹ ಇನ್ನೂ ಕೆಳಗೆ, ಶೇ. 30 ಕೂಡ ಮುಟ್ಟಲಿಲ್ಲ. ವಿಮರ್ಶಕರು 1981ರ ಹಳೇ ಸಿನಿಮಾವನ್ನು ನೆನೆದು ನಿಟ್ಟುಸಿರಿಟ್ಟರು. ಗಳಿಕೆ ಮಾತ್ರ ಪರ್ಸಿ ಜಾಕ್ಸನ್‌ಗಿಂತ ಎರಡು ಪಟ್ಟಿಗೂ ಜಾಸ್ತಿ. ಒಲಿಂಪಸ್‌ನ ದೇವರುಗಳಿಗೆ ಲೆಕ್ಕಪತ್ರ ಒಪ್ಪಿಸುವವರು ಯಾರಾದರೂ ಇದ್ದರೆ ತಲೆ ಕೆರೆದುಕೊಂಡಿರುತ್ತಾರೆ.

ಸಿನಿಮಾ ನಿಜವಾಗಿ ಹೇಗಿದೆ ಅಂತ ಯಾರಾದರೂ ಹೇಳಬೇಕಲ್ಲ, ನಾನೇ ಹೇಳ್ತೀನಿ. ಉಮಾ ಥರ್ಮನ್ ಮೆಡೂಸಾ ಆಗಿ ಬರುವ ಭಾಗ ಸೊಗಸಾಗಿದೆ, ಆಕೆ ಮಜಾ ತಗೊಂಡು ನಟಿಸಿದ್ದಾರೆ. ಮೆಡೂಸಾಳನ್ನು ನೇರ ನೋಡಿದವರು ಕಲ್ಲಾಗುತ್ತಾರೆ, ಅದಕ್ಕೇ ಪುರಾಣದಲ್ಲಿ ಕನ್ನಡಿಯಾದ ಗುರಾಣಿಯ ಜಾಗದಲ್ಲಿ ಪರ್ಸಿ ಐಪಾಡ್‌ನ ಹೊಳೆಯುವ ಬೆನ್ನನ್ನು ಕನ್ನಡಿ ಮಾಡಿಕೊಳ್ಳುತ್ತಾನೆ. ಜಾಹೀರಾತು ಅಂತ ಗೊತ್ತಾಗುತ್ತೆ, ಆದರೂ ತಲೆ ಓಡಿದೆ. ನ್ಯಾಶ್‌ವಿಲ್‌ನಲ್ಲಿರುವ ಪಾರ್ಥೆನಾನ್ (ಅಥೀನಾಳ ದೇಗುಲ) ಪ್ರತಿಕೃತಿಯೊಳಗೆ ಹಲವು ತಲೆಯ ಹೈಡ್ರಾ ಬರುವುದೂ ಚೆನ್ನಾಗಿದೆ. ಲಾಸ್ ವೇಗಸ್‌ನ ಕಮಲದ ಹೋಟೆಲು, ಆ ಹೂವು ತಿಂದು ದಿನಗಳೇ ಮರೆತುಹೋಗುವ ಮಕ್ಕಳು, ಹಿನ್ನೆಲೆಗೆ 'ಪೋಕರ್ ಫೇಸ್' ಹಾಡು, ಅದು ಸಿನಿಮಾದ ಅತ್ಯುತ್ತಮ ಹತ್ತು ನಿಮಿಷ. ಅಲ್ಲಿಂದಾಚೆ ಪಾತಾಳಕ್ಕೆ ಇಳಿದ ಮೇಲೆ ಸಿನಿಮಾವೂ ಇಳಿಯುತ್ತದೆ. ಹೇಡೀಸ್ ಹಳೇ ರಾಕ್ ಗಾಯಕನ ವೇಷದಲ್ಲಿದ್ದಾನೆ, ದೇವರುಗಳು ಒಬ್ಬರಿಗಿಂತ ಒಬ್ಬರು ಮರದ ಬೊಂಬೆ. ಒಟ್ಟಿನಲ್ಲಿ ಮಳೆಗಾಲದ ಭಾನುವಾರಕ್ಕೆ ಅಡ್ಡಿಯಿಲ್ಲ. ಇದನ್ನು ಬೇಕಾದರೆ ಒಂದು 'ಹೂಂ' ಅಂತ ಬರೆದುಕೊಳ್ಳಿ.

2023ರ ಡಿಸೆಂಬರ್‌ನಲ್ಲಿ ಡಿಸ್ನಿ ಪ್ಲಸ್‌ನಲ್ಲಿ ಹೊಸ ಸೀರೀಸ್ ಬಂತು. ಈ ಸಲ ಲೇಖಕರೇ ಜೊತೆಗೆ ನಿಂತರು. ವಯಸ್ಸು ಸರಿಯಾಯಿತು, ಏರೀಸ್ ಬಂದ. ಆನಬೆತ್ ಪಾತ್ರಕ್ಕೆ ಕಪ್ಪು ಜನಾಂಗದ ಒಬ್ಬ ಪುಟ್ಟ ಹುಡುಗಿಯನ್ನು ಆರಿಸಿದಾಗ ಕೂದಲಿನ ಪಂಡಿತರು ಮತ್ತೆ ಎದ್ದರು. ಈ ಸಲ ಬರೀ ಕೂದಲಿಗೆ ನಿಲ್ಲಲಿಲ್ಲ, ಮಗುವಿನ ಚರ್ಮದವರೆಗೂ ಬಂದರು. ಅದರಲ್ಲಿ ನಗುವಂಥದ್ದೇನೂ ಇಲ್ಲ. ಇದು ಜನಾಂಗದ್ವೇಷ ಅಂತ ಲೇಖಕರು ನೇರವಾಗಿ ಬರೆದು ಆ ಹುಡುಗಿಯ ಪರ ನಿಂತರು. ವಿಮರ್ಶಕರು ಸೀರೀಸನ್ನು ಮೆಚ್ಚಿದರು, ಟೊಮೆಟೊ ತಾಜಾ ಆಯಿತು, ಪುಸ್ತಕಕ್ಕೆ ನಿಷ್ಠೆ ಅಂದರೆ ಇದು ಅಂತ ಹೊಗಳಿಕೆ ಬಂತು. ಆಮೇಲೆ ಕಮಲದ ಹೋಟೆಲಿನ ಕಂತು ಬಂತು. ಅದರಲ್ಲಿ ಪೋಕರ್ ಫೇಸ್ ಇಲ್ಲ, ಕುಣಿತ ಇಲ್ಲ. 2010ರಲ್ಲಿ ಮಕ್ಕಳಾಗಿದ್ದವರು, ಈಗ ಕೆಲಸಕ್ಕೆ ಹೋಗಿ ಸಾಲದ ಕಂತು ಕಟ್ಟುತ್ತಿರುವವರು, ಫೋನ್ ಎತ್ತಿಕೊಂಡು ದೂರು ಶುರುಮಾಡಿದರು: ಏನೇ ಹೇಳಿ, ಹಳೇ ಸಿನಿಮಾದಲ್ಲಿ ಈ ಸೀನು ಇದಕ್ಕಿಂತ ಚೆನ್ನಾಗಿತ್ತು ಕಣ್ರೀ.