ಮೊದಲನೇ ಡಿಕಾಕ್ಷನ್ ಯಾರಿಗೆ?

ಅಡುಗೆಮನೇಲಿ ಫೋನ್ ನಿಲ್ಸ್ಕೊಂಡು ವಿಡಿಯೋ ನೋಡ್ತಾ ಅಡುಗೆ ಮಾಡೋರು ದಯವಿಟ್ಟು ಸೌಂಡ್ ಕಮ್ಮಿ ಇಟ್ಕೊಳ್ಳಿ. ನಮ್ಮನೇಲಿ ಮೊನ್ನೆ ಇದೊಂದೇ ಕಾರಣಕ್ಕೆ ಅಜ್ಜಿ ಮೊಮ್ಮಗಳ ಮಧ್ಯೆ ಜಗಳ ಹತ್ಕೊಳ್ತು. ಬೆಂಗಳೂರಿಂದ ಬಂದಿದ್ದ ಅಕ್ಕನ ಮಗಳು ಸಕ್ಕರೆ ಡಬ್ಬಕ್ಕೆ ಫೋನ್ ಒರಗಿಸಿ "ಈಸಿ ರೆಸ್ಟೋರೆಂಟ್ ಸ್ಟೈಲ್ ತಿರಾಮಿಸು" ಅಂತ ಯಾವುದೋ ವಿಡಿಯೋ ಹಾಕಿದ್ಲು (ತಿರಾಮಿಸು ಅಂದ್ರೆ ಕಾಫೀಲಿ ಅದ್ದಿದ ಬಿಸ್ಕೆಟ್ಟಿಗೆ ಕ್ರೀಮು ಸೇರ್ಸಿ ಮಾಡೋ ಇಟಲಿಯ ಸಿಹಿ), ಅದರಲ್ಲಿದ್ದ ಹುಡುಗಿ ನಗ್ತಾ ನಗ್ತಾ "ಒಂದು ಕಪ್ ಬಿಸಿನೀರಿಗೆ ಎರಡು ಚಮಚ ಇನ್‌ಸ್ಟಂಟ್ ಕಾಫಿ ಪೌಡರ್ ಹಾಕ್ಕೊಳ್ಳಿ" ಅಂದಿದ್ದು ಹಿತ್ತಲ ಕಡೆ ಜಗಲೀಲಿ ಕೂತು ಹೂಬತ್ತಿ ಹೊಸೀತಿದ್ದ ಅಮ್ಮನ ಕಿವಿಗೆ ಬಿತ್ತು. ಎದುರಿಗೆ ನಿಂತು ಕೂಗಿದ್ರೂ ಕೇಳಿಸದ ಅಮ್ಮಂಗೆ ಇಂಥವು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತೆ.

"ಏನೇ ಅದು? ಚಿಕ್ಕಮಗಳೂರಲ್ಲಿ ಕೂತ್ಕೊಂಡು ಬಾಟ್ಲಿ ಕಾಫಿಪುಡಿ ಹಾಕ್ತೀಯೇನೇ?"

"ಕುಡಿಯಕ್ಕಲ್ಲ ಅಜ್ಜಿ, ಬಿಸ್ಕೆಟ್ ಅದ್ದಕ್ಕೆ."

"ಅದ್ದಕ್ಕಾದ್ರೇನು, ಕಾಫಿ ಕಾಫಿನೇ."

ಸರಿ, ಹಾಗಾದ್ರೆ ಬೆಳಗ್ಗೆದು ಫಿಲ್ಟರ್‌ನಲ್ಲಿದ್ಯಲ್ಲ, ಅದನ್ನೇ ತಗೋತೀನಿ ಅಂತ ಇವಳು ಕೈ ಹಾಕಿದ್ದೇ ತಡ, ಅಮ್ಮ ಬತ್ತಿ ಬಿಟ್ಟು ಎದ್ದು ಬಂದ್ರು. "ಅದು ಮೊದಲನೇದು ಕಣೇ. ಬಿಸ್ಕೆಟ್ ಅದ್ದಕ್ಕೆ ಎರಡನೇದು ಸಾಕು."

ಅಂದ್ರೆ ಇನ್‌ಸ್ಟಂಟ್ ಹಾಕಿದ್ರೆ ಮನೆತನದ ಮರ್ಯಾದೆ ಹೋಗುತ್ತೆ, ಫಸ್ಟ್ ಡಿಕಾಕ್ಷನ್ ಹಾಕಿದ್ರೆ ಮನೇನೇ ಹೋಗುತ್ತೆ. ಈ ಎರಡರ ಮಧ್ಯೆ ನಿಂತಿದ್ದ ನನಗೆ ಆಗ ಒಂದು ಭಾರಿ ವಿಷಯ ಹೊಳೀತು, ಅದನ್ನ ಹೇಳೋಕೇ ಇದನ್ನ ಬರೀತಿರೋದು, ಆದ್ರೆ ಅದಕ್ಕೆ ಮುಂಚೆ ಡಿಕಾಕ್ಷನ್ ಲೆಕ್ಕಾಚಾರ ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ಬೇಕು.

ಹಳೇ ಕಾಲದ ಮನೆಗಳಲ್ಲಿ ಒಂದು ಸಲ ಹಾಕಿದ ಪುಡೀಲಿ ಮೂರು ಸಲ ಇಳಿಸೋರು. ಮೊದಲನೇದು ಬೀಗರಿಗೆ, ಬ್ಯಾಂಕಿನೋರಿಗೆ, ಮನೆ ಯಜಮಾನನಿಗೆ. ಎರಡನೇದು ಮನೆ ಹೆಂಗಸ್ರಿಗೆ, ಮಕ್ಳಿಗೆ, ದಿನಾ ಬರೋ ನೆಂಟರಿಗೆ. ಮೂರನೇದಕ್ಕೆ ಬೆಲ್ಲ ಹಾಕಿ ಕುದಿಸಿ ಹಿತ್ತಲಿಗೆ ಬಂದೋರಿಗೆ. ಇದು ಎಲ್ಲೂ ಬರೆದಿಟ್ಟಿರೋ ಕಾನೂನಲ್ಲ, ಆದ್ರೆ ಲೋಟ ತುಟಿಗೆ ತಾಗಿದ ತಕ್ಷಣ ಈ ಮನೇಲಿ ತನ್ನ ಜಾಗ ಎಲ್ಲಿದೆ ಅಂತ ಮನುಷ್ಯಂಗೆ ಗೊತ್ತಾಗಿಬಿಡೋದು. ನಮ್ಮಪ್ಪನ ದೊಡ್ಡಪ್ಪನ ಮಗ ಒಬ್ರಿದ್ರು, ನಾವು ಚಿಕ್ಕಪ್ಪ ಅಂತಿದ್ವಿ. ಒಂದ್ಸಲ ಗದ್ದೆ ಪಾಲಿನ ಮಾತಾಡಕ್ಕೆ ಬಂದ್ರು. ಅಪ್ಪ ಮೆತ್ತಗೆ ಮಾತಾಡ್ತಿದ್ರು, ಚಿಕ್ಕಪ್ಪನೂ ಮೆತ್ತಗಾಗ್ತಿದ್ರು, ಕೆಳಗಿನ ಎರಡು ಮಡಿ ನೀನಿಟ್ಕೋ ಮೇಲಿನದು ನಾನಿಟ್ಕೋತೀನಿ ಅನ್ನೋ ಮಟ್ಟಕ್ಕೆ ಬಂದಿತ್ತು, ಅಷ್ಟರಲ್ಲಿ ಅಮ್ಮ ಕಾಫಿ ತಂದ್ರು. ಚಿಕ್ಕಪ್ಪ ಒಂದು ಗುಟುಕು ಕುಡಿದ್ರು. ಲೋಟ ಕೆಳಗಿಟ್ರು. "ಗೊತ್ತಾಯ್ತು ಬಿಡಿ ಅತ್ತಿಗೆ" ಅಂದ್ರು. ಟವಲ್ ಹೆಗಲಿಗೆ ಹಾಕ್ಕೊಂಡು ಹೊರಟೇಬಿಟ್ರು. ಆಮೇಲೆ ಆ ಗದ್ದೆ ಕೋರ್ಟು ಹತ್ತಿ, ವಕೀಲ್ರ ಮಕ್ಳೆಲ್ಲ ಓದಿ ಡಾಕ್ಟರಾಗಿ, ಕೊನೆಗೆ ಚಿಕ್ಕಪ್ಪನೂ ಹೋದ್ರು ಅಪ್ಪನೂ ಹೋದ್ರು. ಅಮ್ಮ ಇವತ್ತಿಗೂ ಅದು ಮೊದಲನೇ ಡಿಕಾಕ್ಷನ್ನೇ ಅಂತಾರೆ, ಹುರಿದೋನು ಸರಿಯಾಗಿ ಹುರಿದಿರಲಿಲ್ಲ, ಅದಕ್ಕೇ ನೀರಾಗಿತ್ತು ಅಂತಾರೆ. ನನಗೆ ನಂಬಿಕೆ ಇಲ್ಲ. ಅವತ್ತು ಒಳಗಡೆ ಅಮ್ಮನ ತವರಿನೋರು ಬಂದು ಕೂತಿದ್ರು.

ಕಾಫಿ ಬೆಳೆಯೋರ ಮನೇಲಿ ಈ ಪಾಟಿ ಜಿಪುಣತನ ಯಾಕೆ ಅಂತ ಬಯಲುಸೀಮೆಯೋರು ಕೇಳ್ತಾರೆ. ಬೆಳೆಯೋರ ಮನೇಲೇ ಸ್ವಾಮಿ ಇರೋದು ಜಿಪುಣತನ. ಆಗೆಲ್ಲ ಬೆಳೆದ ಕಾಫೀನ, ಎಲ್ಲರ ಬೆಳೇನೂ ಒಟ್ಟು ಸೇರ್ಸಿ ಮಾರೋ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ ಹಾಕ್ಬೇಕಿತ್ತು, ಮನೆ ಖರ್ಚಿಗೆ ಅಂತ ಒಂದಿಷ್ಟು ಬಿಟ್ರೆ ಬೇರೆ ಯಾರಿಗೂ ಮಾರೋ ಹಾಗಿರಲಿಲ್ಲ, ದುಡ್ಡು ಕಂತು ಕಂತಲ್ಲಿ ಬರೋದು. ಅದು ಪೂರ್ತಿ ಸಡಿಲ ಆಗಿದ್ದು 1996ರಲ್ಲಿ. ಒಳ್ಳೇದೆಲ್ಲ ಬೀಜದ ಸಿಪ್ಪೆ ತೆಗೆದು ವಿಂಗಡಿಸೋ ಕ್ಯೂರಿಂಗ್ ವರ್ಕ್ಸಿಗೆ ಲಾರಿ ಹತ್ತೋದು, ಮನೆಗೆ ಉಳಿಯೋದು ಕಣದ ಮೂಲೇಲಿ ಬಿದ್ದಿದ್ದು, ಗಿಡದ ಬುಡದಲ್ಲಿ ಆಯ್ದ ಹಕ್ಕಲು. ಆ ಹಕ್ಕಲನ್ನ ಮನೇಲೇ ಹುರಿದು ಪುಡಿ ಮಾಡಿ, ಅದರಲ್ಲೂ ಮೂರು ಡಿಕಾಕ್ಷನ್ ಇಳಿಸಿ ಕುಡಿದವರ ಮುಂದೆ ಈಗ ಒಂದು ಹುಡುಗಿ ಬಟ್ಟಲು ತುಂಬ ಡಿಕಾಕ್ಷನ್ ಕೇಳ್ತಾಳೆ, ಅದೂ ಬಿಸ್ಕೆಟ್ಟಿಗೆ.

(ಬಾಬಾ ಬುಡನ್ ಏಳು ಬೀಜ ತಂದ ಕಥೆ ನಾನಿಲ್ಲಿ ಹೇಳಲ್ಲ. ಯಾವ ಹೋಮ್‌ಸ್ಟೇಗೆ ಹೋದ್ರೂ ಗೋಡೆ ಮೇಲೆ ಬರ್ದಿರ್ತಾರೆ, ಅಲ್ಲೇ ಓದ್ಕೊಳ್ಳಿ. ಶನಿವಾರ ಕೈಮರದ ಹತ್ರ ಬೆಟ್ಟಕ್ಕೆ ಹೋಗೋ ಗಾಡಿ ಸಾಲಲ್ಲಿ ಸಿಕ್ಕಾಕೊಂಡ್ರೆ ಓದಕ್ಕೆ ಟೈಮೂ ಬೇಕಾದಷ್ಟು ಸಿಗುತ್ತೆ. ನಮ್ಮ ಹುಡುಗಿ ಮನೇಲಿ ತಿರಾಮಿಸು ಮಾಡಕ್ಕೆ ಕೂತಿದ್ದೂ ಅದಕ್ಕೇ, ಬೆಟ್ಟದ ಪ್ಲಾನ್ ಕೈಬಿಟ್ಟು.)

ನನಗೆ ಉರಿಯೋದು ಇನ್ನೊಂದು ವಿಷಯಕ್ಕೆ. ನಮ್ಮ ದೇಶದ ಕಾಫೀನ ಹೊರಗಡೆ ಎಲ್ಲರಿಗಿಂತ ಜಾಸ್ತಿ ಕೊಳ್ಳೋರು ಇಟಲಿಯೋರು. ನಮ್ಮ ರೋಬಸ್ಟಾ ಜಾತಿ ಕಾಫಿ ಅಲ್ಲಿಗೆ ಹೋಗಿ ಅವರ ಎಸ್ಪ್ರೆಸೋ ಬ್ಲೆಂಡಲ್ಲಿ ಸೇರ್ಕೊಂಡು, ಮೇಲೆ ದಪ್ಪ ನೊರೆ ಬರ್ಸುತ್ತೆ. ಅವರು ಅದರಲ್ಲಿ ಬಿಸ್ಕೆಟ್ ಅದ್ದಿ ತಿರಾಮಿಸು ಮಾಡಿ ಹೆಸರು ತಗೊಂಡ್ರು. ಆಮೇಲೆ ಆ ರೆಸಿಪಿ ಮಾತ್ರ ಸಮುದ್ರ ದಾಟಿ ವಾಪಸ್ ನಮ್ಮೂರಿಗೆ ಬಂತು, ಬೆಟ್ಟದ ರೋಡಿನ ಒಂದು ರೆಸಾರ್ಟಲ್ಲಿ ಅಂಗೈಯಷ್ಟು ಗಾಜಿನ ಜಾರಲ್ಲಿ 350 ರೂಪಾಯಿಗೆ ಕೊಡ್ತಾರೆ. ತಿಂದು ನೋಡಿದೀನಿ. ಕಾಫಿ ವಾಸನೆ ಹುಡುಕ್ಕೋಬೇಕು. ಕಿಟಕಿ ಆಚೆ ನೋಡಿದ್ರೆ ಕಾಫಿ ತೋಟ.

ಇಟಲಿಯೋರೂ ಏನು ಕಮ್ಮಿ ಇಲ್ಲ ಬಿಡಿ. ತ್ರೆವಿಜೊ ಅಂತ ಊರು, ಅಲ್ಲಿ ಲೆ ಬೆಕ್ಕೆರಿಯೆ ಅನ್ನೋ ಹೋಟೆಲಲ್ಲಿ ಇದು ಹುಟ್ಟಿದ್ದು ಅಂತಾರೆ, 1972ರಲ್ಲಿ ಮೆನುಗೆ ಬಂತಂತೆ, ಅದರ ಮಾಲೀಕರಾಗಿದ್ದ ಆದೊ ಕಾಂಪೆಯೊಲ್ 2021ರಲ್ಲಿ 93ನೇ ವಯಸ್ಸಲ್ಲಿ ತೀರ್ಕೊಂಡಾಗ ಪ್ರಪಂಚದ ಪೇಪರೆಲ್ಲ ಬರೆದ್ವು. ಆದ್ರೆ ಪಕ್ಕದ ಫ್ರಿಯುಲಿ ಕಡೆಯೋರು ಅಯ್ಯೋ ಅದು ನಮ್ದು ಅಂತ ಕೂತಿದ್ದಾರೆ. 2017ರಲ್ಲಿ ಇಟಲಿ ಸರ್ಕಾರದ ಕೃಷಿ ಇಲಾಖೆ ಅದನ್ನ ಫ್ರಿಯುಲಿಯ ಸಾಂಪ್ರದಾಯಿಕ ತಿಂಡಿ ಪಟ್ಟಿಗೆ ಸೇರ್ಸಿದ್ದೇ ಸೇರ್ಸಿದ್ದು, ತ್ರೆವಿಜೊ ಇರೋ ವೆನೆತೊ ಪ್ರಾಂತ್ಯದ ಮುಖ್ಯಸ್ಥರೇ ತಕರಾರು ತೆಗೆದ್ರು. ಇದನ್ನ ಓದಿ ನನಗೆ ಸಮಾಧಾನ ಆಯ್ತು. ಸಕಲೇಶಪುರದ ಕಾಫಿ ಮೇಲೋ ನಮ್ದು ಮೇಲೋ ಅಂತ ನಾನೂ ಹಾಸನದ ಷಡ್ಡಕನೂ ಮದುವೆ ಮನೆಗಳಲ್ಲಿ ಊಟ ಆರೋ ತನಕ ಕಿತ್ತಾಡಿದೀವಿ.

ಹೊಳೆದಿದ್ದ ವಿಷಯಕ್ಕೆ ಬರ್ತೀನಿ. ಅದಕ್ಕೆ ಮುಂಚೆ ಚಿಕೋರಿ.

ನಮ್ಮನೆ ಪುಡೀಲಿ ನೂರಕ್ಕೆ ಇಪ್ಪತ್ತು ಚಿಕೋರಿ. ಅಕ್ಕನ ಮಗಳಿಗೆ ಇದು ಗೊತ್ತಾಗಿ "ಮಾವ, ಪ್ಯೂರ್ ಇಲ್ವಾ? ಚಿಕೋರಿ ಅಂದ್ರೆ ಕಲಬೆರಕೆ ಅಲ್ವಾ?" ಅಂದ್ಲು. ನನಗೆ ಎಲ್ಲಿತ್ತೋ ಕೋಪ. ಚಿಕೋರಿ ಒಂದು ಬೇರು, ಗುಜರಾತ್ ಉತ್ತರಪ್ರದೇಶದ ಕಡೆ ಬೆಳೀತಾರೆ, ಹುರಿದು ಪುಡಿ ಮಾಡಿದ್ರೆ ಡಿಕಾಕ್ಷನ್ನಿಗೆ ಬಣ್ಣ ಕೊಡುತ್ತೆ, ಮಂದ ಕೊಡುತ್ತೆ, ಹಾಲು ಹಾಕಿದ್ರೂ ರುಚಿ ಎದ್ದು ನಿಲ್ಲುತ್ತೆ. ಪ್ಯಾಕೆಟ್ ಮೇಲೆ ಬರೆದು ಮಾರಿದ್ರೆ ಕಾನೂನಿಗೂ ಒಪ್ಪಿಗೆ ಇದೆ, ಕಾಫಿ 51 ಪರ್ಸೆಂಟಿಗಿಂತ ಕಮ್ಮಿ ಇರಬಾರದು ಅಷ್ಟೇ. ನನ್ನ ಕೋಪ 51 ಅನ್ನೋ ಆ ನಂಬರ್ ಮೇಲೆ. ಕಾಫಿ ಅಂತ ಹೆಸರಿಟ್ಕೊಂಡು ಅರ್ಧಕ್ಕರ್ಧ ಬೇರು ಕುಡಿಸಿ, ಅದನ್ನ ಸ್ಟ್ರಾಂಗ್ ಅಂತ ಕರೆಯೋ ಹೈವೇ ಹೋಟೆಲುಗಳನ್ನ ನೋಡಿದೀನಿ. ಅದಕ್ಕೂ ನಮ್ಮನೆ ಇಪ್ಪತ್ತಕ್ಕೂ ವ್ಯತ್ಯಾಸ ಇಲ್ವಾ? ಇದೆಲ್ಲ ಹೇಳಿ ಮುಗಿಸೋ ಹೊತ್ತಿಗೆ ಹುಡುಗಿ ಇಯರ್‌ಫೋನ್ ಹಾಕ್ಕೊಂಡಿದ್ಲು. ಸೌಂಡ್ ಕಮ್ಮಿ ಮಾಡು ಅಂತ ನಾನೇ ಹೇಳಿದ್ದೆ.

ಕೊನೆಗೆ ರಾಜಿ ಆಗಿದ್ದು ಹೀಗೆ: ಅಮ್ಮನೇ ಫಿಲ್ಟರ್‌ಗೆ ಹೊಸದಾಗಿ ಪುಡಿ ಹಾಕಿ ಒತ್ತಿ, ಗಟ್ಟಿ ಡಿಕಾಕ್ಷನ್ ಇಳಿಸಿ ಕೊಟ್ರು. ಮೊದಲನೇದೇ. ಯಾಕೆ ಮನಸ್ಸು ಬದಲಾಯ್ತು ಅಂತ ಕೇಳಕ್ಕೆ ನನಗೇನು ಹುಚ್ಚೇ. ಪೂರ್ತಿ ತಣ್ಣಗಾಗಕ್ಕೆ ಬಿಟ್ಟು, ಬೆಂಗಳೂರಿಂದ ತಂದಿದ್ದ ಉದ್ದುದ್ದ ಬಿಸ್ಕೆಟ್ ಒಂದೊಂದೇ ಅದ್ದಿ ತೆಗೆದ್ಲು, ಒಂದು ಸೆಕೆಂಡ್ ಜಾಸ್ತಿ ಆದ್ರೂ ಮುದ್ದೆ ಆಗುತ್ತಂತೆ. ಮೊಟ್ಟೆ ಅಮ್ಮಂಗೆ ಆಗಲ್ಲ, ಹಾಗಾಗಿ ಹಳದಿ ಲೋಳೆ ಬಿಟ್ಟು ಬರೀ ಮಸ್ಕಾರ್ಪೋನೆ ಅನ್ನೋ ಕೆನೆಯಂಥ ಚೀಸು, ನೊರೆ ಬರೋ ಹಾಗೆ ಕಡೆದ ಕ್ರೀಮು. ಆ ಮಸ್ಕಾರ್ಪೋನೆ ಸಣ್ಣ ಡಬ್ಬ ನಾನೂರು ಚಿಲ್ಲರೆ ಅಂತೆ. ನಿಂಬೆಹುಳಿ ಹಾಕಿ ಬಿಸಿ ಮಾಡಿದ ಕೆನೇನ ಬಟ್ಟೇಲಿ ಸೋಸಿ ಕಟ್ಟಿದ್ರೆ ಹತ್ತಿರ ಹತ್ತಿರ ಅದೇ ಬರುತ್ತೆ ಅಂತ ಹೇಳೋಣ ಅನ್ಕೊಂಡೆ, ಅಮ್ಮನ ಮುಂದೆ ಬೆಲೆ ವಿಷಯ ಎತ್ತಲಿಲ್ಲ.

"ಹದಿನೈದೇ ನಿಮಿಷ" ಅಂದಿದ್ದ ವಿಡಿಯೋ ಹುಡುಗಿ ಇಷ್ಟೆಲ್ಲ ಆದ್ಮೇಲೆ "ಈಗ ಇದನ್ನ ಓವರ್‌ನೈಟ್ ಫ್ರಿಜ್ಜಲ್ಲಿಡಿ" ಅಂದ್ಲು. ಮಳೆಗಾಲದಲ್ಲಿ ನಮ್ಮೂರಲ್ಲಿ ಫ್ರಿಜ್ಜಿಗೆ ಓವರ್‌ನೈಟ್ ಅನ್ನೋದಿಲ್ಲ. ರಾತ್ರಿ ಹೋದ ಕರೆಂಟು ಬಂದಿದ್ದು ಬೆಳಗ್ಗೆ. ಆದ್ರೂ ಆ ಚಳಿಗೆ ಏನೂ ಆಗಿರಲಿಲ್ಲ, ಚಾಕು ಹಾಕಿದ್ರೆ ಸರಿಯಾಗೇ ಕಟ್ ಆಯ್ತು. ಮೇಲೆ ಕೋಕೋ ಉದುರಿಸಿ ಕೊಟ್ಲು. ಚೆನ್ನಾಗಿತ್ತು. ರೆಸಾರ್ಟಿಂದಕ್ಕಿಂತ ನೂರು ಪಾಲು. ಅಮ್ಮ ಎರಡು ಸಲ ಹಾಕಿಸ್ಕೊಂಡು "ಪರವಾಗಿಲ್ಲ, ಸ್ವಲ್ಪ ಏಲಕ್ಕಿ ಹಾಕ್ಬೋದಿತ್ತು" ಅಂದ್ರು.

ಬಿಸ್ಕೆಟ್ ಅದ್ದಿ ಉಳಿದ ಡಿಕಾಕ್ಷನ್ ಬಟ್ಟಲಲ್ಲೇ ಇತ್ತು, ತಳದಲ್ಲಿ ಬಿಸ್ಕೆಟ್ ಪುಡಿ. ಹುಡುಗಿ ಸಿಂಕಿಗೆ ಚೆಲ್ಲಕ್ಕೆ ಹೋದ್ಲು. ಅಮ್ಮ ಇಸ್ಕೊಂಡು, ಸೋಸಿ, ಹಾಲು ಹಾಕಿ ಬಿಸಿ ಮಾಡಿ ನನ್ನ ಕೈಗೆ ಕೊಟ್ರು. ಇದು ಎಷ್ಟನೇ ಡಿಕಾಕ್ಷನ್ ಲೆಕ್ಕಕ್ಕೆ ಬರುತ್ತೆ ಅಂತ ಕೇಳಿದೆ. ಸುಮ್ನೆ ಕುಡಿ ಅಂದ್ರು.

ಭಾನುವಾರ ಸಂಜೆ ಹೊರಡೋವಾಗ ಹುಡುಗಿ "ಮಾವ, ಅರ್ಧ ಕೆಜಿ ಪುಡಿ ಬೇಕು, ಚಿಕೋರಿ ಬೇಡ" ಅಂದ್ಲು. ಅಮ್ಮ ಒಳಗಿಂದ "ಇಪ್ಪತ್ತು ಹಾಕ್ಸು ಕಣೋ, ಅವಳಿಗೇನ್ ಗೊತ್ತು" ಅಂದ್ರು. ಪುಡಿ ಅಂಗಡಿಯೋನು ಎರಡೂ ಥರ ಅರೆಯಕ್ಕೆ ಮಷಿನ್ ಎರಡು ಸಲ ಕ್ಲೀನ್ ಮಾಡ್ಬೇಕು ಅಂತ ಗೊಣಗಿದ. ಎರಡು ಪ್ಯಾಕೆಟ್ ಕಟ್ಟಿಸಿ ತಂದೆ. ದುಡ್ಡು ನಂದೇ.