ಕೈ ಎತ್ತಲಾರದ ಸದಸ್ಯ

ದೇಹದ ಕೀಲುಗಳಲ್ಲೆಲ್ಲ ಅತಿ ಹೆಚ್ಚು ಸ್ವಾತಂತ್ರ್ಯ ಅನುಭವಿಸುವುದು ಭುಜದ ಕೀಲು. ಸೊಂಟದಲ್ಲಿ ತೊಡೆಮೂಳೆಯ ತಲೆಯು ಒರಳಿನಲ್ಲಿ ಗುಂಡುಕಲ್ಲು ಕುಳಿತ ಹಾಗೆ ಆಳವಾಗಿ ಕುಳಿತಿರುತ್ತದೆ; ಭುಜದಲ್ಲಾದರೋ ಗುಳಿಯೇ ತೀರ ತೆಳು, ಆದ್ದರಿಂದಲೇ ಕೈ ಬೇಕೆಂದ ಕಡೆಗೆಲ್ಲ ತಿರುಗುತ್ತದೆ. ಇಷ್ಟು ಧಾರಾಳವಾದ ಕೀಲು ಐವತ್ತು ದಾಟಿದ ನನ್ನ ಬಲಭಾಗದಲ್ಲಿ ಕಾರಣವನ್ನೇ ಹೇಳದೆ ಬಿಗಿದುಕೊಂಡಿತು.

ಮೂಳೆ ವೈದ್ಯರು ಫ್ರೋಜನ್ ಶೋಲ್ಡರ್ ಎಂದರು. ಕೀಲನ್ನು ಸುತ್ತಿಕೊಂಡಿರುವ ಪೊರೆಯು ಉರಿಯೂತದಿಂದ ದಪ್ಪಗಾಗಿ ಕುಗ್ಗುತ್ತದೆ. 40ರಿಂದ 60ರ ವಯಸ್ಸಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಸಡಿಲವಾಗಲು ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ ಹಿಡಿಯುತ್ತದೆ. 1934ರಲ್ಲಿ ಈ ಹೆಸರಿಟ್ಟವನು ಬಾಸ್ಟನ್ನಿನ ಶಸ್ತ್ರವೈದ್ಯ ಕಾಡ್‌ಮನ್. ಹೆಸರು ತಣ್ಣಗಿದೆ, ನಿದ್ದೆಗಣ್ಣಿನಲ್ಲಿ ಆ ಮಗ್ಗುಲಿಗೆ ಹೊರಳಿದವನಿಗೆ ಕಾಣುವುದು ಮಾತ್ರ ಹಗಲು ನಕ್ಷತ್ರ.

ಹಿಂದಿನ ಜೇಬಿನ ಪರ್ಸು ನನ್ನದಾಗಿಯೂ ನನ್ನದಲ್ಲವಾಯಿತು. ತಲೆಯ ಮೇಲಿಂದ ಹಾಕುವ ಬನಿಯನ್ನು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಾಗ ಸಿಲಿಂಡರ್ ತಂದ ಹುಡುಗನೇ ಎಳೆದು ಬಿಡಿಸಿ, ಆಮೇಲೆ ಹಣ ಕೇಳಿದ.

ನಿಜವಾದ ಫಜೀತಿಯಾದದ್ದು ನಮ್ಮ ವಸತಿ ಸಂಕೀರ್ಣದ ಸಭೆಯಲ್ಲಿ. ಕೈಯನ್ನು ಪೂರ್ತಿ ಎತ್ತಿದಾಗ ಸುಮಾರು ಮೂರನೆಯ ಒಂದು ಪಾಲು ಚಲನೆ ಬೆನ್ನಿನ ಹಲಗೆಮೂಳೆಯದು, ಉಳಿದದ್ದು ಕೀಲಿನದು. ಕೀಲು ಕೈಕೊಟ್ಟಾಗ ಪಾಪ, ಹಲಗೆಮೂಳೆಯೇ ಎಲ್ಲ ಭಾರ ಹೊತ್ತು ಹೆಗಲನ್ನು ಕಿವಿಯವರೆಗೆ ಏರಿಸುತ್ತದೆ. ನೀರಿನ ಟ್ಯಾಂಕಿನ ದುರಸ್ತಿಗೆ ಒಪ್ಪಿಗೆಯಿರುವವರು ಕೈ ಎತ್ತಬೇಕೆಂದಾಗ ನಾನೂ ಎತ್ತಿದೆ. ಕೈ ಎದೆಯ ಮಟ್ಟದಲ್ಲೇ ನಿಂತು ಹೆಗಲು ಮಾತ್ರ ಮೇಲೇರಿದ್ದನ್ನು ನೋಡಿದ ಕಾರ್ಯದರ್ಶಿಗಳು, ನಾನು 'ನನಗೇನು ಗೊತ್ತು' ಎನ್ನುತ್ತಿದ್ದೇನೆಂದು ಭಾವಿಸಿ, ನನ್ನನ್ನು ತಟಸ್ಥರ ಪಟ್ಟಿಗೆ ಸೇರಿಸಿದರು. ಎಡಗೈ ಎತ್ತಬಹುದಿತ್ತು, ಆದರೆ ಅದರಲ್ಲಿ ಕಾಫಿ ಲೋಟವಿತ್ತು.

ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದೂ ಕಾಡ್‌ಮನ್ನನ ಹೆಸರಿನ ವ್ಯಾಯಾಮವೇ: ಎಡಗೈಯನ್ನು ಮೇಜಿಗೆ ಊರಿ, ಸೊಂಟ ಬಾಗಿಸಿ, ನೋವಿನ ಕೈಯನ್ನು ಸಡಿಲವಾಗಿ ಜೋತುಬಿಟ್ಟು ಸಣ್ಣ ಸಣ್ಣ ವೃತ್ತಗಳಲ್ಲಿ ತೂಗಾಡಿಸಬೇಕು. ಒಂದು ಬೆಳಗ್ಗೆ ನಾನು ಹೀಗೆ ನೆಲ ನೋಡುತ್ತ ಕೈಯಾಡಿಸುತ್ತಿರುವಾಗ ಪೇಪರು ಕೇಳಲು ಬಂದ ಪಕ್ಕದ ಮನೆಯವರು, "ಏನು ಬಿದ್ದುಹೋಯಿತು ಸಾರ್?" ಎಂದವರೇ ನನ್ನ ಉತ್ತರಕ್ಕೂ ಕಾಯದೆ ಸೋಫಾದ ಕೆಳಗೆ ತೂರಿಕೊಂಡರು. ಹೊರಬಂದಾಗ ಅವರ ಕೈಯಲ್ಲಿ, ಕೆಲಸದವಳ ಮೇಲೆ ನನ್ನ ಹೆಂಡತಿ ಬಹುಕಾಲದಿಂದ ಅನುಮಾನ ಪಡುತ್ತಿದ್ದ ಓಲೆಯ ತಿರುಪಿತ್ತು.