ದೊಡ್ಡಮ್ಮ ಇರುವ ಊರಿಗೆ ಅನಾಥಾಶ್ರಮ ಯಾಕೆ?

ಹೋದ ವಾರ ನಮ್ಮ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿಗೆ ಒಂದು ಮನವಿ ಬಂತು. ಜಿಂಬಾಬ್ವೆಯಲ್ಲಿ ಯಾರೋ ಅನಾಥಾಶ್ರಮ ಕಟ್ಟಿಸುತ್ತಾರಂತೆ, ಕೈಲಾದಷ್ಟು ಕೊಡಿ ಅಂತ. ಎರಡು ವರ್ಷ ಮುಟಾರೆಯಲ್ಲಿ ಇದ್ದವಳು ಅಂತ ಮೊದಲು ನನ್ನನ್ನೇ ಟ್ಯಾಗ್ ಮಾಡಿದರು. ನಾನು ಕೊಡಲ್ಲ ಅಂದೆ. ಅಷ್ಟಕ್ಕೇ ನಾಲ್ಕು ಜನ ಮುನಿಸಿಕೊಂಡಿದ್ದಾರೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮುಟಾರೆ ಜಿಂಬಾಬ್ವೆಯ ಪೂರ್ವದ ಅಂಚಿನ ಊರು, ಗುಡ್ಡ ದಾಟಿದರೆ ಮೊಜಾಂಬಿಕ್. ಮಾತು ಶೋನಾ. ಆ ಭಾಷೆಯಲ್ಲಿ ಅಮ್ಮನ ಅಕ್ಕ 'ಮೈಗುರು', ಅಂದ್ರೆ ದೊಡ್ಡ ಅಮ್ಮ. ಅಮ್ಮನ ತಂಗಿ 'ಮೈನಿನಿ', ಚಿಕ್ಕ ಅಮ್ಮ. ಅಪ್ಪನ ಅಣ್ಣ 'ಬಾಬಾಮುಕುರು', ದೊಡ್ಡಪ್ಪ. ಸೋದರತ್ತೆಗೂ ಬೇರೆ ಹೆಸರಿದೆ, 'ತೆತೆ'. ಊಟಕ್ಕೆ ಮೆಕ್ಕೆಜೋಳದ ಹಿಟ್ಟಿನ ಸಾದ್ಜಾ, ನಮ್ಮ ಮುದ್ದೆ ಮುರಿದ ಹಾಗೇ ಮುರಿದು ಸೊಪ್ಪಿನ ಜೊತೆ ತಿನ್ನುತ್ತಾರೆ. ಇಷ್ಟೆಲ್ಲಾ ನೆಂಟರಿರುವ ಮಗು ಅಷ್ಟು ಸುಲಭಕ್ಕೆ ಅನಾಥ ಆಗಲ್ಲ ಅಲ್ವಾ?

ಆಗಿದ್ದು ಏಡ್ಸ್‌ನಿಂದ. 1990ರ ದಶಕದ ಕೊನೆಗೆ ಆ ದೇಶದ ದೊಡ್ಡವರಲ್ಲಿ ಹೆಚ್ಚುಕಡಿಮೆ ನಾಲ್ವರಿಗೊಬ್ಬರಿಗೆ ಸೋಂಕು. ಅಮ್ಮ ಹೋದಳು, ಮಕ್ಕಳನ್ನು ಕರೆದುಕೊಂಡ ಚಿಕ್ಕಮ್ಮನೂ ಹೋದಳು. ಕೊನೆಗೆ ಆರೇಳು ಮೊಮ್ಮಕ್ಕಳ ಜೊತೆ ಅಜ್ಜಿ ಉಳಿದಳು. ಎಷ್ಟೋ ಕಡೆ ಗಂಡನ ಕಡೆಯವರು ಬಂದು ನೇಗಿಲು, ಪಾತ್ರೆ, ಬೀರು ಹೊತ್ತುಕೊಂಡು ಹೋದರು. ಹೆಂಡತಿ ಮಕ್ಕಳಿಗೆ ಆಸ್ತಿ ಸಿಗಬೇಕು ಅಂತ 1997ರಲ್ಲಿ ಕಾನೂನು ತಿದ್ದಿದರು. ಆದರೆ ಕಾನೂನು ಹಳ್ಳಿ ತಲುಪೋಕೆ ಎಷ್ಟು ದಿನ ಬೇಕು ಅಂತ ನಮಗೇನು ಹೊಸದಾಗಿ ಹೇಳಬೇಕಾ.

ಕಾನೂನಿಗೂ ಮೊದಲೇ, 1993ರಲ್ಲಿ, ಮುಟಾರೆಯ ಫ್ಯಾಕ್ಟ್ ಅನ್ನುವ ಸಂಸ್ಥೆ ಒಂದು ಕೆಲಸ ಶುರು ಮಾಡಿತು. ಅದನ್ನು ಕಟ್ಟಿದವರು ಜೆಫ್ ಫಾಸ್ಟರ್ ಅನ್ನುವ ಮಕ್ಕಳ ಡಾಕ್ಟರು. ಕಟ್ಟಡದ ತಂಟೆಗೇ ಹೋಗಲಿಲ್ಲ. ಹಳ್ಳಿಯ ಚರ್ಚುಗಳಿಂದ ಹೆಂಗಸರನ್ನು ಆರಿಸಿಕೊಂಡು, ನಿಮ್ಮ ಅಕ್ಕಪಕ್ಕದಲ್ಲಿ ಇಂಥ ಮನೆ ಎಷ್ಟಿವೆ ಬರೆದುಕೊಳ್ಳಿ, ಆಗಾಗ ಹೋಗಿ ನೋಡಿಕೊಂಡು ಬನ್ನಿ ಅಂದರು. ತೀರಾ ಕಷ್ಟದಲ್ಲಿ ಇರುವವರಿಗೆ ಮಾತ್ರ ಬಿತ್ತನೆ ಬೀಜ, ಕಂಬಳಿ, ಸ್ಕೂಲ್ ಫೀಸು.

ನಾನು ಇದ್ದ ಕಾಲಕ್ಕೂ ಈ ರೂಢಿ ಬಿಟ್ಟಿರಲಿಲ್ಲ. ಗುರುವಾರ ಅಲ್ಲಿ ಚರ್ಚಿನ ಹೆಂಗಸರ ದಿನ. ಪಕ್ಕದ ಮನೆಯಾಕೆ ಮೆಥಡಿಸ್ಟ್ ಚರ್ಚಿನವಳು, ಕೆಂಪು ಬ್ಲೌಸು ಬಿಳಿ ಟೋಪಿ ಹಾಕಿಕೊಂಡು ಹೊರಡುತ್ತಿದ್ದಳು. ಒಮ್ಮೆ ನಾನೂ ಹೋದೆ. ಮೊಮ್ಮಕ್ಕಳನ್ನು ಸಾಕುತ್ತಿದ್ದ ಒಬ್ಬ ಅಜ್ಜಿಯ ಮನೆ ತಲುಪಿದ ಕೂಡಲೇ ನಮ್ಮ ಪಕ್ಕದ ಮನೆಯಾಕೆ ಮಾಡಿದ್ದು ಏನು ಗೊತ್ತಾ? ಪೊರಕೆ ತಗೊಂಡು ಅಂಗಳ ಗುಡಿಸಿದಳು. ಆಮೇಲೆ ಚಾಪೆ ಮೇಲೆ ಕೂತು ಸಣ್ಣ ಮಗುವನ್ನು ಎಳೆದುಕೊಂಡು ಕೂದಲು ಬಿಡಿಸಿ ಕಜ್ಜಿ ನೋಡಿದಳು, ದೊಡ್ಡ ಹುಡುಗನ ಕೈಯಲ್ಲಿ ಪುಸ್ತಕ ಓದಿಸಿದಳು, ಹಿಟ್ಟಿನ ಡಬ್ಬಿ ಎತ್ತಿ ಅಲ್ಲಾಡಿಸಿ ಎಷ್ಟಿದೆ ಅಂತ ಅಂದಾಜು ಮಾಡಿದಳು. ಪ್ರಾರ್ಥನೆ ಕೊನೆಗೆ, ಅದೂ ಎರಡೇ ನಿಮಿಷ. ಅವಳ ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿನ ಮುಂದೆ ಒಂದು ಕಾಲಂ ಇತ್ತು, ಜನನ ಪತ್ರ ಇದೆಯೋ ಇಲ್ಲವೋ ಅಂತ. ಅಲ್ಲಿ ಏಳನೇ ಕ್ಲಾಸಿನ ಪರೀಕ್ಷೆಗೆ ಹೆಸರು ಕೊಡೋಕೆ ಆ ಪತ್ರ ಕೇಳುತ್ತಾರೆ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಮಗುವಿಗೆ ಅದನ್ನು ಮಾಡಿಸೋದು ಅಂದ್ರೆ ಸಾಕ್ಷಿಗೆ ಜನ ಬೇಕು, ಬಸ್ ಚಾರ್ಜು ಬೇಕು, ಕೌಂಟರ್ ಮುಂದೆ ದಿನಗಟ್ಟಲೆ ನಿಲ್ಲೋಕೆ ಒಬ್ಬರು ಬೇಕು. ಆ ಒಬ್ಬರು ಇವಳೇ.

2008ರಲ್ಲಿ ಅಲ್ಲಿನ ದುಡ್ಡು ಕಾಗದವಾಗಿ ಹೋಗಿ, ಮುಂದಿನ ಜನವರಿಗೆ ನೂರು ಲಕ್ಷ ಕೋಟಿಯ ನೋಟು ಬಂತಲ್ಲ, ಆಗ ಫೀಸು ಬೀಜ ಎಲ್ಲಾ ನಿಂತವಂತೆ. 'ನಡೆಯೋಕೆ ಕಾಲಿತ್ತು, ನಾವು ಹೋಗ್ತಾನೇ ಇದ್ವಿ' ಅಂದಳು ಪಕ್ಕದ ಮನೆಯಾಕೆ.

ಚರ್ಚ್ ಅಂದ ಕೂಡಲೇ ಹೊಗಳುವವಳು ನಾನಲ್ಲ. ಏಡ್ಸ್ ಬಂದ ಹೊಸದರಲ್ಲಿ ಇದು ಪಾಪದ ಫಲ ಅಂತ ಬೋಧಿಸಿದ ಪಾದ್ರಿಗಳೂ ಇದ್ದರು. 2022ರಲ್ಲಿ ದಡಾರ ಹಬ್ಬಿದ್ದು ಇದೇ ಮುಟಾರೆ ಸೀಮೆಯಿಂದ. ಲಸಿಕೆ ಬೇಡ ಅನ್ನುವ ಬಿಳಿ ನಿಲುವಂಗಿಯ ಅಪೊಸ್ತಲಿಕ್ ಅನ್ನುವ ಕ್ರೈಸ್ತ ಪಂಗಡಗಳ ಕೂಟಗಳೇ ಕಾರಣ ಅಂತ ಸರ್ಕಾರ ಹೇಳಿತು. 700ಕ್ಕೂ ಜಾಸ್ತಿ ಮಕ್ಕಳು ಸತ್ತರು. ಅದನ್ನು ಮರೆತು ಬರೆದರೆ ತಪ್ಪಾಗುತ್ತೆ. ಇನ್ನು 'ಎಲ್ಲಾ ಮತಾಂತರಕ್ಕೆ ತಾನೇ' ಅಂತ ಗುಂಪಿನಲ್ಲಿ ಒಬ್ಬರು ಕೇಳಿದರು. ಸ್ವಾಮಿ, ಅಲ್ಲಿ ಬಹುಪಾಲು ಜನ ಈಗಾಗಲೇ ಕ್ರೈಸ್ತರು.

ಅನಾಥಾಶ್ರಮ ಬಂದರೆ ಆಗೋದು ಇಷ್ಟು. ಮೂರು ಹೊತ್ತು ಊಟ, ಬೂಟು, ಸ್ಕೂಲು ಅಂದ್ರೆ ಅಜ್ಜಿಯೇ ತಂದು ಬಿಡುತ್ತಾಳೆ. ಅವಳು ಕೆಟ್ಟವಳಲ್ಲ, ಹಿಟ್ಟಿನ ಡಬ್ಬಿ ಖಾಲಿ. ಹದಿನೆಂಟಕ್ಕೆ ಹೊರಬಂದ ಹುಡುಗನಿಗೆ ಹೊಲ ತೋರಿಸೋಕೆ, ಮದುವೆ ಮಾತಾಡೋಕೆ ಕುಲದವರೇ ಇರಲ್ಲ. ಶೋನಾ ಜನರಲ್ಲಿ 'ಮುತುಪೊ' ಅಂತಿದೆ, ನಮ್ಮಲ್ಲಿ ಬೆಡಗು, ಬಳಿ ಅಂತೀವಲ್ಲ ಹಾಗೆ. ಅದು ಗೊತ್ತಿಲ್ಲದವನ ಜೊತೆ ಸಂಬಂಧ ಬೆಳೆಸೋದು ಕಷ್ಟ. ರುವಾಂಡಾ 2012ರಲ್ಲೇ ಅನಾಥಾಶ್ರಮ ಮುಚ್ಚಿ ಮಕ್ಕಳನ್ನು ಮನೆಗಳಿಗೆ ಕಳಿಸೋಣ ಅಂತ ತೀರ್ಮಾನ ಮಾಡಿತು.

ಹಾಗಾಗಿ ಗುಂಪಿನಲ್ಲಿ ಹೀಗೆ ಹಾಕಿದೆ: ದುಡ್ಡು ಕೊಡ್ತೀನಿ, ಆದರೆ ಆ ಹೆಂಗಸರ ಬಸ್ ಚಾರ್ಜಿಗೆ, ಮಕ್ಕಳ ಪರೀಕ್ಷೆ ಫೀಸಿಗೆ, ಅಜ್ಜಿಯ ಹಿಟ್ಟಿನ ಡಬ್ಬಿಗೆ. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಕೇಳಿದರು, 'ಅದೆಲ್ಲಾ ಸರಿ, ಕಟ್ಟಡ ಇಲ್ಲದಿದ್ರೆ ದಾನಿಗಳ ಹೆಸರಿನ ಬೋರ್ಡು ಎಲ್ಲಿ ಹಾಕೋದು?'